ಅಂತರ್ಜಲ ಕುಸಿಯುವುದು ಗೊತ್ತಿದ್ದೂ ಮತ್ತೊಂದು ಬೋರ್ ಏಕೆ ಕೊರೆಸುತ್ತೇವೆ?

ಪ್ರಶ್ನೆ: ನಮ್ಮದು ಹೊಳಲ್ಕೆರೆ ತಾಲ್ಲೂಕಿನ ಹಳ್ಳಿ. ಅಂತರ್ಜಲ ಕೆಳಗಿಳಿಯುತ್ತಿರುವುದು ಊರಿಗೆಲ್ಲ ಗೊತ್ತಿದೆ. ಆದರೂ ಬೇಸಿಗೆ ಬಂತೆಂದರೆ ಹೊಸ ಬೋರ್ ಕೊರೆಸುವುದು ನಿಂತಿಲ್ಲ. ಇದು ರೈತರ ದುರಾಸೆಯಲ್ಲವೇ? ಮನಃಶಾಸ್ತ್ರ ಇದನ್ನು ಹೇಗೆ ನೋಡುತ್ತದೆ?

ಉತ್ತರ: ದುರಾಸೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹಾಗೆಂದುಕೊಂಡರೆ ಉಪದೇಶ ಮಾಡುವುದನ್ನು ಬಿಟ್ಟು ನಮಗೆ ಬೇರೆ ದಾರಿಯೇ ಉಳಿಯುವುದಿಲ್ಲ. ಉಪದೇಶದಿಂದ ಯಾವ ಊರಿನ ಬೋರೂ ನಿಂತಿಲ್ಲ.

ಖಚಿತವಾದ ನಷ್ಟ ಎದುರಿಗೆ ನಿಂತಾಗ ಅದನ್ನು ತಪ್ಪಿಸಿಕೊಳ್ಳಲು ಮನುಷ್ಯ ಬೇರೆ ಸಮಯದಲ್ಲಿ ಮುಟ್ಟದಂಥ ಅಪಾಯಕ್ಕೂ ಕೈಹಾಕುತ್ತಾನೆ ಎಂಬುದನ್ನು ಡೇನಿಯಲ್ ಕಾನಮನ್ ಮತ್ತು ಏಮಸ್ ಟ್ವೆರ್ಸ್ಕಿ ಎಂಬ ಮನಃಶಾಸ್ತ್ರಜ್ಞರು 1979ರಲ್ಲಿ ವಿವರಿಸಿದರು. ಅಡಿಕೆ ತೋಟವನ್ನೇ ನೋಡಿ. ಸಸಿ ನೆಟ್ಟು ಫಸಲು ಕಾಣಲು ಐದಾರು ವರ್ಷ ಬೇಕು. ಅಷ್ಟು ಕಾಲ ಸಾಕಿದ ಗಿಡ ಏಪ್ರಿಲ್‌ನಲ್ಲಿ ಸೊರಗುತ್ತಿರುವಾಗ ಸುಮ್ಮನೆ ಕೂರುವುದೆಂದರೆ ನಷ್ಟ ಖಚಿತ. ಬೋರ್ ಕೊರೆಸಿದರೆ ನೀರು ಬಿದ್ದರೂ ಬೀಳಬಹುದು. ನಮ್ಮ ಗಟ್ಟಿ ಬಂಡೆಯ ನೆಲದಲ್ಲಿ ಸೀಳು ಸಿಕ್ಕಿದರೆ ನೀರು, ಇಲ್ಲವಾದರೆ ಬರೀ ಧೂಳು. ಎರಡು ಬೋರ್ ಫೇಲಾದವನು ಸಾಲ ಮಾಡಿ ಮೂರನೆಯದಕ್ಕೆ ಪಾಯಿಂಟ್ ಹಾಕಿಸುವುದು ಹೊರಗಿನವರಿಗೆ ಹುಚ್ಚೆಂದು ಕಂಡೀತು. ಅವನ ಜಾಗದಲ್ಲಿದ್ದರೆ ನಮ್ಮಲ್ಲಿ ಬಹುತೇಕರು ಮಾಡುವುದೂ ಅದನ್ನೇ.

ಎರಡನೆಯ ಕಾರಣ ಪಕ್ಕದ ಹೊಲದಲ್ಲಿದೆ. ಎಲ್ಲರೂ ಹಣ ಹಾಕಿ ಲಾಭವನ್ನು ಹಂಚಿಕೊಳ್ಳುವ ಒಂದು ಪ್ರಯೋಗವನ್ನು ಫಿಶ್‌ಬಾಕರ್, ಗೆಕ್ಟರ್ ಮತ್ತು ಫೆರ್ ಎಂಬ ಸಂಶೋಧಕರು ನಡೆಸಿ 2001ರಲ್ಲಿ ಪ್ರಕಟಿಸಿದರು. ಅದರಲ್ಲಿ ಸುಮಾರು ಅರ್ಧದಷ್ಟು ಜನ ಇತರರು ಕೊಟ್ಟಂತೆ ತಾವೂ ಕೊಡುವವರಾಗಿದ್ದರು. ಏನನ್ನೂ ಕೊಡದೆ ಪಡೆಯಲು ಮಾತ್ರ ನೋಡಿದವರು ಮೂರನೆಯ ಒಂದು ಭಾಗದಷ್ಟು. ಅಂದರೆ ಊರಿನಲ್ಲಿ ಹೆಚ್ಚಿನವರು 'ಅವನು ನಿಲ್ಲಿಸಿದರೆ ನಾನೂ ನಿಲ್ಲಿಸುತ್ತೇನೆ' ಎನ್ನುವವರೇ ಇರಬಹುದು. ಆದರೆ ಅವನು ನಿಲ್ಲಿಸಿದ್ದಾನೋ ಇಲ್ಲವೋ ಎಂದು ತಿಳಿಯುವ ಬಗೆ ಯಾವುದು? ಕೆರೆಯ ನೀರು ಕಣ್ಣೆದುರಿಗಿತ್ತು, ಯಾರ ಗದ್ದೆಗೆ ಎಷ್ಟು ಹೊತ್ತು ಎಂಬುದನ್ನು ನೀರುಗಂಟಿ ನೋಡಿಕೊಳ್ಳುತ್ತಿದ್ದ. 1933ರ ನಂತರ 2022ರಲ್ಲಿ ನಮ್ಮ ಜಿಲ್ಲೆಯ ವಾಣಿವಿಲಾಸ ಸಾಗರ ಜಲಾಶಯ ಕೋಡಿ ಬಿದ್ದಾಗ ಆ ನೀರು ಎಲ್ಲರ ಕಣ್ಣಿಗೂ ಕಂಡಿತು. ನೆಲದಡಿಯ ನೀರು ಏರಿದರೂ ಇಳಿದರೂ ಯಾರಿಗೂ ಕಾಣದು, ಅದಕ್ಕೆ ನೀರುಗಂಟಿಯೂ ಇಲ್ಲ. ಹೀಗಾಗಿ ತಾನು ಬಿಟ್ಟ ನೀರನ್ನು ಪಕ್ಕದವನು ಎತ್ತುತ್ತಾನೆ ಎಂಬ ಭಯವೇ ಮುಂದಿನ ಬೋರನ್ನು ಕೊರೆಸುತ್ತದೆ.

ಈ ಭಯ ಕಳೆಯುವಂಥದ್ದು ಎಂಬುದಕ್ಕೆ ಆಧಾರವಿದೆ. ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಎಲಿನರ್ ಆಸ್ಟ್ರಮ್ ತಮ್ಮ ಸಂಶೋಧನೆಯನ್ನು ಆರಂಭಿಸಿದ್ದೇ ಲಾಸ್ ಏಂಜಲಿಸ್ ಸುತ್ತಲಿನ ಅಂತರ್ಜಲದಿಂದ. ಅತಿಯಾಗಿ ಪಂಪು ಮಾಡಿ ಸಮುದ್ರದ ಉಪ್ಪುನೀರು ಒಳನುಗ್ಗತೊಡಗಿದಾಗ ಅಲ್ಲಿನ ಬಳಕೆದಾರರು ಒಟ್ಟಿಗೆ ಕುಳಿತು ತಂತಮ್ಮ ಪಾಲನ್ನು ತಗ್ಗಿಸಿಕೊಂಡಿದ್ದರು. ನಮ್ಮ ನೆರೆಯ ಆಂಧ್ರದ ಹಳ್ಳಿಗಳಲ್ಲಿ ಸಂಶೋಧಕರು ರೈತರಿಗೆ ಒಂದು ಆಟವನ್ನು ಆಡಿಸಿದರು: ಕಡಿಮೆ ನೀರಿನ ಬೆಳೆಯನ್ನೋ ಹೆಚ್ಚು ನೀರಿನ ಬೆಳೆಯನ್ನೋ ಪ್ರತಿಯೊಬ್ಬರೂ ಆರಿಸಬೇಕು, ಪ್ರತಿ ಸುತ್ತಿನ ಕೊನೆಗೆ ಎಲ್ಲರ ಪಾಲಿನ ನೀರು ಎಷ್ಟು ಉಳಿಯಿತೆಂದು ನೋಡಬೇಕು. ಆಟದ ನಂತರ ಆ ಊರುಗಳಲ್ಲಿ ನೀರಿನ ಲೆಕ್ಕ ಬರೆದಿಡುವುದೂ ಬಳಕೆಗೆ ನಿಯಮ ಮಾಡಿಕೊಳ್ಳುವುದೂ ಹೆಚ್ಚಾದವು ಎಂದು 2018ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ.

ಚಿತ್ರದುರ್ಗ, ದಾವಣಗೆರೆ ಎರಡೂ ಜಿಲ್ಲೆಗಳು ಅಂತರ್ಜಲ ನಿರ್ವಹಣೆಗೆಂದು ಕೇಂದ್ರ ಸರ್ಕಾರ ತಂದ ಅಟಲ್ ಭೂಜಲ ಯೋಜನೆಯ ವ್ಯಾಪ್ತಿಗೆ ಬಂದಿದ್ದವು. ಗ್ರಾಮ ಪಂಚಾಯಿತಿ ಮಟ್ಟದ ನೀರಿನ ಆಯವ್ಯಯ, ಅಂದರೆ ಊರಿಗೆ ಬರುವ ನೀರೆಷ್ಟು, ಬಳಸುವ ನೀರೆಷ್ಟು ಎಂಬ ಲೆಕ್ಕ, ಆ ಯೋಜನೆಯ ಮುಖ್ಯ ಅಂಗ. ಆ ಲೆಕ್ಕ ಕಡತದಲ್ಲಿ ಉಳಿದರೆ ಪ್ರಯೋಜನವಿಲ್ಲ. ಊರಿನ ನಾಲ್ಕೈದು ಬೋರ್‌ಗಳ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ಅಳೆದು, ಬಿತ್ತನೆಗೆ ಮೊದಲೇ ಪಂಚಾಯಿತಿಯ ಗೋಡೆಯ ಮೇಲೆ ಬರೆಯಬೇಕು. ನಿಯಮ ಮಾಡುವಾಗಲೂ ಈಗಿರುವ ತೋಟಗಳಿಂದ ಆರಂಭಿಸಬಾರದು, ಏಕೆಂದರೆ ಕೈಯಲ್ಲಿರುವುದನ್ನು ಬಿಡೆಂದರೆ ಯಾರೂ ಸಭೆಗೇ ಬರುವುದಿಲ್ಲ. ಹೊಸದಾಗಿ ಅಡಿಕೆ ಇಡುವವರಿಗೆ ಎಷ್ಟು ಎಕರೆ, ಯಾವ ನೀರಿನ ಭರವಸೆಯ ಮೇಲೆ ಎಂಬ ಮಾತನ್ನು ನಿಮ್ಮ ಮುಂದಿನ ಗ್ರಾಮಸಭೆಯಲ್ಲಿ ಮೊದಲು ಎತ್ತಿ.