ಮದ್ದಿಗೆ ಬಗ್ಗದ ಕ್ಷಯ: ಮೂರನೇ ಗುಳಿಗೆಯ ಅಳತೆ ಸಿಕ್ಕಿದ್ದು ಹೇಗೆ?

2006ರಲ್ಲಿ ದಕ್ಷಿಣ ಆಫ್ರಿಕಾದ ಟುಗೆಲಾ ಫೆರಿ ಎಂಬ ಗ್ರಾಮೀಣ ಪ್ರದೇಶದಿಂದ ಬಂದ ವರದಿಯೊಂದು ಕ್ಷಯರೋಗದ ವೈದ್ಯರನ್ನು ಬೆಚ್ಚಿಬೀಳಿಸಿತು. ಮುಖ್ಯ ಔಷಧಗಳಿಗೆಲ್ಲ ಪ್ರತಿರೋಧ ಬೆಳೆಸಿಕೊಂಡಿದ್ದ ಕ್ಷಯ ಅಲ್ಲಿ 53 ಮಂದಿಯಲ್ಲಿ ಪತ್ತೆಯಾಗಿತ್ತು. ಅವರಲ್ಲಿ 52 ಮಂದಿ ತೀರಿಕೊಂಡರು, ಅರ್ಧದಷ್ಟು ಜನ ಕಫ ಪರೀಕ್ಷೆಗೆ ಕೊಟ್ಟ ಸುಮಾರು 16 ದಿನಗಳಲ್ಲೇ. ಎಚ್‌ಐವಿ ಪರೀಕ್ಷೆ ಆದವರೆಲ್ಲರಲ್ಲೂ ಆ ಸೋಂಕೂ ಇತ್ತು. ಇಂದು ಇಂಥದೇ ಕ್ಷಯಕ್ಕೆ ಆರು ತಿಂಗಳ ಗುಳಿಗೆಗಳ ಚಿಕಿತ್ಸೆ ಇದೆ, ಬಹುಪಾಲು ರೋಗಿಗಳು ಗುಣವಾಗುತ್ತಾರೆ. ಹೊಸ ಔಷಧಗಳು ಬಂದದ್ದು ಇದಕ್ಕೆ ಒಂದು ಕಾರಣ. ಆದರೆ ಔಷಧ ಕೈಗೆ ಬಂದ ಮೇಲೆ, ಅದನ್ನು ಎಷ್ಟು ಕೊಡಬೇಕು, ಎಷ್ಟು ದಿನ ಕೊಡಬೇಕು ಎಂದು ಕಂಡುಕೊಂಡ ಕೆಲಸ ಅದಕ್ಕಿಂತ ಸಣ್ಣದಲ್ಲ. ಆ ಕೆಲಸದ ಬಗ್ಗೆ ಮಾತನಾಡುವವರು ಕಡಿಮೆ.

ಕ್ಷಯಕ್ಕೆ ಒಂದೇ ಔಷಧ ಏಕೆ ಸಾಲದು ಎಂಬುದು ಮೊದಲು ತಿಳಿದಿರಬೇಕು. ಶ್ವಾಸಕೋಶದಲ್ಲಿ ಕ್ಷಯ ಕೊರೆದ ಒಂದು ಕುಳಿಯಲ್ಲಿ ಹತ್ತಾರು ಕೋಟಿ ರೋಗಾಣುಗಳಿರಬಹುದು. ಯಾವುದಾದರೂ ಒಂದು ಔಷಧಕ್ಕೆ ಬಗ್ಗದ ಕೆಲವು ಅಣುಜೀವಿಗಳು ಆಕಸ್ಮಿಕ ರೂಪಾಂತರದಿಂದ ಅವುಗಳ ನಡುವೆ ಮೊದಲೇ ಇರುತ್ತವೆ. ಒಂದೇ ಔಷಧ ಕೊಟ್ಟರೆ ಉಳಿದವು ಸತ್ತು, ಇವು ಬೆಳೆಯಲು ಜಾಗ ಸಿಗುತ್ತದೆ. 1948ರಲ್ಲಿ ಬ್ರಿಟನ್‌ನಲ್ಲಿ ಪ್ರಕಟವಾದ ಸ್ಟ್ರೆಪ್ಟೊಮೈಸಿನ್ ಪ್ರಯೋಗದಲ್ಲೇ ಇದು ಕಂಡಿತ್ತು. ಔಷಧ ಪಡೆದ 55 ಮಂದಿಯಲ್ಲಿ ಆರು ತಿಂಗಳಲ್ಲಿ ಸತ್ತವರು 4; ಬರೀ ವಿಶ್ರಾಂತಿಯಲ್ಲಿದ್ದ 52 ಮಂದಿಯಲ್ಲಿ 14. ಐದು ವರ್ಷ ಕಳೆಯುವಷ್ಟರಲ್ಲಿ ಲೆಕ್ಕ 32 ಮತ್ತು 35 ಆಗಿತ್ತು. ಮೊದಲ ಗೆಲುವನ್ನು ಬಹುಮಟ್ಟಿಗೆ ಪ್ರತಿರೋಧ ನುಂಗಿಹಾಕಿತ್ತು. ಪ್ರಯೋಗ ಆರು ತಿಂಗಳಿಗೇ ಕಣ್ಣು ಮುಚ್ಚಿಕೊಂಡಿದ್ದರೆ ಈ ಸತ್ಯ ಹೊರಬರುತ್ತಿರಲಿಲ್ಲ.

ಕ್ಷಯದ ಮುಖ್ಯ ಔಷಧವಾದ ರಿಫಾಂಪಿಸಿನ್‌ಗೆ ಬಗ್ಗದ ಕ್ಷಯಕ್ಕೆ ಹಿಂದೆ 18ರಿಂದ 24 ತಿಂಗಳು ಚಿಕಿತ್ಸೆ ನಡೆಯುತ್ತಿತ್ತು. ಅದರಲ್ಲಿ ತಿಂಗಳುಗಟ್ಟಲೆ ಕೊಡುತ್ತಿದ್ದ ಇಂಜೆಕ್ಷನ್‌ಗಳಿಂದ ಅನೇಕರು ಶಾಶ್ವತವಾಗಿ ಕಿವುಡಾದರು. ಇದಕ್ಕೆ ಬದಲಾಗಿ ಬಂದ ಮೂರು ಔಷಧಗಳು ರೋಗಾಣುವನ್ನು ಮೂರು ಬೇರೆ ಕಡೆ ಹಿಡಿಯುತ್ತವೆ. ಬೆಡಾಕ್ವಿಲಿನ್ ಅದರ ಶಕ್ತಿ ಉತ್ಪಾದನೆಯನ್ನು ನಿಲ್ಲಿಸುತ್ತದೆ. ಪ್ರೆಟೊಮ್ಯಾನಿಡ್ ಜೀವಕೋಶದ ಭಿತ್ತಿ ಕಟ್ಟುವುದನ್ನು ತಡೆಯುತ್ತದೆ, ಆಮ್ಲಜನಕ ಕಡಿಮೆಯಿದ್ದಲ್ಲಿ ಒಳಗೇ ನೈಟ್ರಿಕ್ ಆಕ್ಸೈಡ್ ಬಿಡುಗಡೆ ಮಾಡಿ ಕೊಲ್ಲುತ್ತದೆ. ಲಿನೆಝೋಲಿಡ್ ಪ್ರೋಟೀನ್ ತಯಾರಿಕೆಗೆ ಅಡ್ಡಬರುತ್ತದೆ.

ಈ ಮೂರನ್ನೂ ಒಟ್ಟಿಗೆ ಕೊಟ್ಟು ನೋಡಿದ ನಿಕ್ಸ್-ಟಿಬಿ ಪ್ರಯೋಗ 2015ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಆರಂಭವಾಯಿತು. 109 ರೋಗಿಗಳು, 26 ವಾರಗಳ ಚಿಕಿತ್ಸೆ. ಹೋಲಿಸಲು ಇನ್ನೊಂದು ಗುಂಪು ಇರಲಿಲ್ಲ, ಏಕೆಂದರೆ ಇವರ ಕ್ಷಯಕ್ಕೆ ಒಪ್ಪಿ ಕೊಡಬಹುದಾದ ಬೇರೆ ಚಿಕಿತ್ಸೆಯೇ ಇರಲಿಲ್ಲ. ಗುಳಿಗೆ ಮುಗಿದ ಆರು ತಿಂಗಳ ನಂತರವೂ ರೋಗ ಮರುಕಳಿಸದೆ ಇದ್ದವರು 98 ಮಂದಿ, ಅಂದರೆ 90%. ಆದರೆ ಅದೇ ವರದಿಯಲ್ಲಿ ಇನ್ನೊಂದು ಅಂಕಿಯೂ ಇತ್ತು: 81% ರೋಗಿಗಳಿಗೆ ಕೈಕಾಲಿನ ನರಗಳಿಗೆ ಹಾನಿಯಾಗಿತ್ತು, 48% ಮಂದಿಯಲ್ಲಿ ರಕ್ತಕಣ ತಯಾರಿಸುವ ಅಸ್ಥಿಮಜ್ಜೆ ಕುಗ್ಗಿತ್ತು. ಪಾದದಲ್ಲಿ ಉರಿ, ಜೋಮು, ಸೂಜಿ ಚುಚ್ಚಿದಂಥ ನೋವು. ಜೀವ ಉಳಿದವರಿಗೆ ಇದನ್ನು ಸಹಿಸಿಕೊಳ್ಳಿ ಎನ್ನುವುದು ಸುಲಭ, ಆದರೆ ಸರಿಯಲ್ಲ. ನೋವು ತಾಳಲಾರದೆ ಗುಳಿಗೆ ಬಿಟ್ಟವರಲ್ಲಿ ರೋಗ ಮತ್ತೆ ತಲೆಯೆತ್ತಬಹುದು.

ಆರೋಪಿ ಯಾರೆಂದು ಗೊತ್ತಿತ್ತು: ಲಿನೆಝೋಲಿಡ್. 2000ದಲ್ಲಿ ಅನುಮತಿ ಪಡೆದಾಗ ಅದು ಚರ್ಮದ ಸೋಂಕು, ನ್ಯುಮೋನಿಯಾದಂಥವಕ್ಕೆ ಕೆಲವು ವಾರ ಮಾತ್ರ ಕೊಡುವ ಔಷಧ. ನಮ್ಮ ಜೀವಕೋಶಗಳೊಳಗಿನ ಮೈಟೊಕಾಂಡ್ರಿಯಗಳ ಮೂಲ ಬ್ಯಾಕ್ಟೀರಿಯಗಳೇ. ಅವುಗಳ ಪ್ರೋಟೀನ್ ಯಂತ್ರವೂ ಬ್ಯಾಕ್ಟೀರಿಯದ್ದನ್ನು ಹೋಲುತ್ತದೆ. ಹೀಗಾಗಿ ಔಷಧ ಅಲ್ಲಿಗೂ ಅಂಟಿಕೊಳ್ಳುತ್ತದೆ. ಕೆಲವು ವಾರಗಳಲ್ಲಿ ಕಾಣದ ಹಾನಿ, ದಿನಕ್ಕೆ 1,200 ಮಿಲಿಗ್ರಾಂನಂತೆ ತಿಂಗಳುಗಟ್ಟಲೆ ನುಂಗಿದಾಗ ಉದ್ದನೆಯ ನರಗಳ ತುದಿಯಲ್ಲಿ, ಅಂದರೆ ಪಾದಗಳಲ್ಲಿ, ಮೊದಲು ಕಾಣಿಸಿಕೊಳ್ಳುತ್ತದೆ.

ಹಾಗಾದರೆ ಅಳತೆ ತಗ್ಗಿಸಬೇಕೋ, ಅವಧಿ ತಗ್ಗಿಸಬೇಕೋ? ಝೀನಿಕ್ಸ್ ಪ್ರಯೋಗ ಕೇಳಿದ್ದು ಈ ಪ್ರಶ್ನೆಯನ್ನೇ. ದಕ್ಷಿಣ ಆಫ್ರಿಕಾ, ಜಾರ್ಜಿಯಾ, ಮಾಲ್ಡೋವಾ, ರಷ್ಯಾಗಳ 181 ರೋಗಿಗಳನ್ನು ನಾಲ್ಕು ಗುಂಪುಗಳಿಗೆ ಹಂಚಲಾಯಿತು. ಬೆಡಾಕ್ವಿಲಿನ್, ಪ್ರೆಟೊಮ್ಯಾನಿಡ್ ಎಲ್ಲರಿಗೂ ಒಂದೇ ಬಗೆ. ಲಿನೆಝೋಲಿಡ್ ಮಾತ್ರ 1,200 ಅಥವಾ 600 ಮಿಲಿಗ್ರಾಂ, 26 ಅಥವಾ 9 ವಾರ. ದೊಡ್ಡ ಅಳತೆ, ಪೂರ್ಣ ಅವಧಿಯವರಲ್ಲಿ 93% ಗುಣವಾದರು, 38% ಮಂದಿಗೆ ನರಹಾನಿ, 22% ಮಂದಿಗೆ ಅಸ್ಥಿಮಜ್ಜೆಯ ತೊಂದರೆ. 600 ಮಿಲಿಗ್ರಾಂ 26 ವಾರ ಪಡೆದವರಲ್ಲಿ ಗುಣವಾದವರು 91%, ನರಹಾನಿ 24%, ಅಸ್ಥಿಮಜ್ಜೆಯ ತೊಂದರೆ ಬರೀ 2%. ಇದನ್ನೇ 9 ವಾರಕ್ಕೆ ನಿಲ್ಲಿಸಿದಾಗ ನರಹಾನಿ 13%ಕ್ಕೆ ಇಳಿಯಿತು, ಗುಣವಾದವರೂ 84%ಕ್ಕೆ ಇಳಿದರು. 1,200 ಮಿಲಿಗ್ರಾಂ 9 ವಾರ ಪಡೆದವರಲ್ಲಿ ಗುಣವಾದವರು 89%, ನರಹಾನಿ ಇಲ್ಲೂ 24%, ಅಸ್ಥಿಮಜ್ಜೆಯ ತೊಂದರೆ 15%. ಒಂದೊಂದು ಗುಂಪಿನಲ್ಲಿ ಸುಮಾರು 45 ಜನ. 91ಕ್ಕೂ 93ಕ್ಕೂ ನಡುವಿನ ಅಂತರಕ್ಕೆ ಅರ್ಥ ಹುಡುಕುವುದು ಬೇಡ. ಆದರೆ ಹಾನಿಯ ಇಳಿಕೆ ಕಣ್ಣಿಗೆ ಹೊಡೆಯುವಂಥದು. ಅರ್ಧ ಅಳತೆ, ಪೂರ್ಣ ಅವಧಿ: ಉತ್ತರ ಅಲ್ಲಿತ್ತು.

ಹೋಲಿಕೆಯ ಗುಂಪಿಲ್ಲದ ಕೊರತೆಯನ್ನು ತುಂಬಿದ್ದು ಟಿಬಿ-ಪ್ರಾಕ್ಟಿಕಲ್ ಪ್ರಯೋಗ. ಉಜ್ಬೇಕಿಸ್ತಾನ, ಬೆಲಾರೂಸ್, ದಕ್ಷಿಣ ಆಫ್ರಿಕಾಗಳಲ್ಲಿ ನಡೆದ ಇದರಲ್ಲಿ ಮೂರರ ಜೊತೆ ಮಾಕ್ಸಿಫ್ಲಾಕ್ಸಸಿನ್ ಎಂಬ ನಾಲ್ಕನೇ ಔಷಧ ಸೇರಿಸಿ, ಆಗಿನ ಮಾಮೂಲಿ ಚಿಕಿತ್ಸೆಯೊಂದಿಗೆ ಹೋಲಿಸಲಾಯಿತು. ಕೆಟ್ಟ ಫಲಿತಾಂಶ ಹೊಸದರಲ್ಲಿ 11%, ಹಳೆಯದರಲ್ಲಿ 48%. ಈ 48ನ್ನು ಓದುವಾಗ ಎಚ್ಚರ ಬೇಕು. ಅವರೆಲ್ಲ ಸತ್ತವರಲ್ಲ, ಹೆಚ್ಚಿನವರು ಚಿಕಿತ್ಸೆಯನ್ನು ನಡುವೆಯೇ ನಿಲ್ಲಿಸಬೇಕಾಗಿ ಬಂದವರು. 2022ರ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ 14 ವರ್ಷ ತುಂಬಿದವರಿಗೆ ಈ ನಾಲ್ಕು ಔಷಧಗಳ ಆರು ತಿಂಗಳ ಚಿಕಿತ್ಸೆಯನ್ನು ಶಿಫಾರಸು ಮಾಡಿತು, ಲಿನೆಝೋಲಿಡ್ 600 ಮಿಲಿಗ್ರಾಂ ಅಳತೆಯಲ್ಲಿ. ಗರ್ಭಿಣಿಯರು, ಮಿದುಳು ಅಥವಾ ಮೂಳೆಯ ಕ್ಷಯ ಇರುವವರು ಇದರ ಹೊರಗೆ.

ಅಳತೆ ತಗ್ಗಿಸಿದ ಮಾತ್ರಕ್ಕೆ ಕಾವಲು ಬಿಡುವಂತಿಲ್ಲ. ರಕ್ತಕಣಗಳ ಎಣಿಕೆ ಆರಂಭದಲ್ಲಿ, ಎರಡು ವಾರಕ್ಕೆ, ಆಮೇಲೆ ತಿಂಗಳಿಗೊಮ್ಮೆ ಆಗಬೇಕು. ನರಗಳಿಗೆ 128 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕ್ ಸಾಕು: ಕಾಲಿನ ಹೆಬ್ಬೆರಳಿನ ಮೇಲಿಟ್ಟಾಗ ಕಂಪನ ಎಷ್ಟು ಹೊತ್ತು ತಿಳಿಯುತ್ತದೆ ಎಂದು ನೋಡುವುದು. ಕಣ್ಣಿನ ನರದ ಪರೀಕ್ಷೆಗೆ ಅಕ್ಷರದ ಪಟ, ಬಣ್ಣ ಗುರುತಿಸುವ ಪಟ. ಬೆಡಾಕ್ವಿಲಿನ್ ಮತ್ತು ಮಾಕ್ಸಿಫ್ಲಾಕ್ಸಸಿನ್ ಎರಡೂ ಹೃದಯ ಬಡಿತದ ಕ್ಯೂಟಿ ಅಂತರವನ್ನು (ಪ್ರತಿ ಬಡಿತದಲ್ಲಿ ಹೃದಯದ ವಿದ್ಯುತ್ ಚಟುವಟಿಕೆ ಮುಗಿಯಲು ಹಿಡಿಯುವ ಹೊತ್ತನ್ನು) ಹಿಗ್ಗಿಸುವುದರಿಂದ ಇಸಿಜಿ ತಪ್ಪಿಸುವಂತಿಲ್ಲ. ಬಡಿತದ ವೇಗಕ್ಕೆ ತಕ್ಕಂತೆ ತಿದ್ದಿದ ಈ ಅಂತರ 500 ಮಿಲಿಸೆಕೆಂಡ್ ದಾಟಿದರೆ ಔಷಧ ತಡೆಹಿಡಿಯಬೇಕು. ಬೆಡಾಕ್ವಿಲಿನ್ ಊಟದೊಂದಿಗೆ ತೆಗೆದುಕೊಂಡರೆ ಸುಮಾರು ಎರಡು ಪಟ್ಟು ಹೆಚ್ಚು ರಕ್ತಕ್ಕೆ ಸೇರುತ್ತದೆ. ಬರೀ ಹೊಟ್ಟೆಯಲ್ಲಿ ನುಂಗುವವರು ತಿಳಿಯದೆಯೇ ಅರ್ಧ ಔಷಧ ಪಡೆಯುತ್ತಿರುತ್ತಾರೆ. ಖಿನ್ನತೆಯ ಕೆಲವು ಗುಳಿಗೆಗಳೊಂದಿಗೆ ಲಿನೆಝೋಲಿಡ್ ಅಪಾಯಕಾರಿ, ಎಚ್‌ಐವಿಯ ಎಫಾವಿರೆನ್ಜ್ ಬೆಡಾಕ್ವಿಲಿನ್ ಅನ್ನು ದೇಹದಿಂದ ಬೇಗ ಕರಗಿಸುತ್ತದೆ. ರೋಗಿ ಈಗಾಗಲೇ ಏನೇನು ನುಂಗುತ್ತಿದ್ದಾರೆ ಎಂದು ಮೊದಲ ದಿನವೇ ಕೇಳಲೇಬೇಕು.

ಇನ್ನೊಂದು ಅಪಾಯ ನಿಧಾನವಾಗಿ ಬರುತ್ತದೆ. ಚಿಕಿತ್ಸೆ ನಡುವೆ ನಿಂತರೆ ಲಿನೆಝೋಲಿಡ್, ಪ್ರೆಟೊಮ್ಯಾನಿಡ್ ಕೆಲವೇ ದಿನಗಳಲ್ಲಿ ದೇಹ ಬಿಟ್ಟು ಹೋಗುತ್ತವೆ. ಬೆಡಾಕ್ವಿಲಿನ್ ಮಾತ್ರ ಅಂಗಾಂಶಗಳಲ್ಲಿ ಉಳಿದು ಜಿನುಗುತ್ತಿರುತ್ತದೆ. ಕೊನೆಯ ಹಂತದಲ್ಲಿ ಅದು ಅರ್ಧಕ್ಕಿಳಿಯಲು ಸುಮಾರು ಐದೂವರೆ ತಿಂಗಳು ಬೇಕು. ಅಷ್ಟೂ ಕಾಲ ರೋಗಾಣುವಿನ ಎದುರು ಒಂಟಿ ಔಷಧ, ಅದೂ ಕೊಲ್ಲಲಾರದಷ್ಟು ಕಡಿಮೆ. ಪ್ರತಿರೋಧ ಹುಟ್ಟಲು ಇದಕ್ಕಿಂತ ಅನುಕೂಲದ ಸ್ಥಿತಿ ಇಲ್ಲ. ಔಷಧವನ್ನು ಹೊರದಬ್ಬುವ ರೋಗಾಣುವಿನ ಪಂಪನ್ನು ಹತೋಟಿಯಲ್ಲಿಡುವ ಒಂದು ವಂಶವಾಹಿ ಕೆಟ್ಟರೆ ಸಾಕು, ರೋಗಾಣು ಬೆಡಾಕ್ವಿಲಿನ್ ಜೊತೆಗೆ ಕ್ಲೊಫಾಜಿಮಿನ್ ಎಂಬ ಕ್ಷಯದ ಇನ್ನೊಂದು ಔಷಧವನ್ನೂ ಹೊರಗೆಸೆಯಲು ಕಲಿಯುತ್ತದೆ. ಎರಡು ಗಂಟೆಯಲ್ಲಿ ರಿಫಾಂಪಿಸಿನ್ ಪ್ರತಿರೋಧ ಹೇಳುವ ಜೀನ್‌ಎಕ್ಸ್‌ಪರ್ಟ್ ಯಂತ್ರಕ್ಕೆ ಇದು ಕಾಣುವುದಿಲ್ಲ. ಅದಕ್ಕೆ ರೋಗಾಣುವನ್ನು ವಾರಗಟ್ಟಲೆ ಬೆಳೆಸಿ ನೋಡಬೇಕು, ಇಲ್ಲವೇ ಅದರ ವಂಶವಾಹಿಗಳನ್ನು ಓದಬೇಕು. ಹೊಸ ಚಿಕಿತ್ಸೆ ತಲುಪುವ ಪ್ರತಿ ಊರಿಗೂ ಈ ಪರೀಕ್ಷೆಯೂ ಜೊತೆಯಲ್ಲೇ ತಲುಪಬೇಕಾಗಿದೆ.