ಮನಸ್ಸಿಲ್ಲದೆ ಮಾಡುವ ಸೇವೆ ಕಪಟವೇ?

ಪ್ರಶ್ನೆ: ಚರ್ಚಿನ ಗುಂಪಿನ ಜೊತೆ ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಿ ರೋಗಿಗಳನ್ನು ನೋಡಿ ಬರುತ್ತೇನೆ. ನಿಜ ಹೇಳಬೇಕೆಂದರೆ ಎಷ್ಟೋ ಸಲ ಮನಸ್ಸೇ ಇರುವುದಿಲ್ಲ. ಹೀಗೆ ಮಾಡೋದು ಕಪಟ ಅಲ್ವಾ? ನಿಲ್ಲಿಸಿಬಿಡಲೇ? (ಕಮ್ಮನಹಳ್ಳಿಯ ಓದುಗರೊಬ್ಬರು)

ಉತ್ತರ: ನಿಲ್ಲಿಸಬೇಡಿ. ಭಾನುವಾರ ಆರಾಧನೆ ಮುಗಿಸಿ, ಊಟಕ್ಕೂ ಮನೆಗೆ ಹೋಗದೆ, ಬೆಂಗಳೂರಿನ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ವಾರ್ಡ್ ತಲುಪುವ ಹೊತ್ತಿಗೆ ಯಾರಿಗಾದರೂ ಸಾಕುಸಾಕಾಗಿರುತ್ತದೆ. ದಣಿವು ಬೇರೆ, ಕಪಟ ಬೇರೆ.

‘ಪ್ರೀತಿ ನಿಷ್ಕಪಟವಾಗಿರಲಿ’ ಎಂದು ಅಪೊಸ್ತಲ ಪೌಲ ಬೈಬಲಿನಲ್ಲಿ, ರೋಮಾಪುರದವರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿ ಹೇಳುತ್ತಾನೆ. ಇದನ್ನು ಕೇಳಿದ ಕೂಡಲೇ ನಾವು ಒಳಗೆ ಎಷ್ಟು ಪ್ರೀತಿ ಇದೆ ಅಂತ ಅಳೆಯಲು ಕೂರುತ್ತೇವೆ. ಅದೇ ಅಧ್ಯಾಯವನ್ನು ಸ್ವಲ್ಪ ಮುಂದೆ ಓದಿ. ಕೊರತೆಯಲ್ಲಿರುವವರಿಗೆ ಕೊಡಿ, ಮನೆಗೆ ಬಂದವರನ್ನು ಸತ್ಕರಿಸಿ, ಅಳುವವರ ಜೊತೆ ಅಳಿ, ಹಗೆಯವನು ಹಸಿದಿದ್ದರೆ ಊಟ ಹಾಕಿ ಅನ್ನುತ್ತದೆ. ಹಗೆಯವನಿಗೆ ಬಡಿಸುವಾಗ ಯಾರಿಗೆ ತಾನೇ ಪ್ರೀತಿ ಉಕ್ಕಿ ಬರುತ್ತದೆ ಹೇಳಿ! ಆದರೂ ಬಡಿಸು ಅನ್ನುತ್ತಾನೆ. ಯೇಸು ಹೇಳಿದ ಇಬ್ಬರು ಮಕ್ಕಳ ಕಥೆಯೂ ಹೀಗೇ (ಮತ್ತಾಯ 21). ತೋಟದಲ್ಲಿ ಕೆಲಸ ಮಾಡು ಅಂತ ಅಪ್ಪ ಹೇಳಿದಾಗ ‘ಹೋಗಲ್ಲ’ ಅಂದು ಆಮೇಲೆ ತೋಟಕ್ಕೆ ಹೋದವನೇ ಅಪ್ಪನ ಮಾತು ನಡೆಸಿದವನು.

ಹಾಗಂತ ಪ್ರೀತಿ ಇಲ್ಲದಿದ್ದರೂ ನಡೆಯುತ್ತೆ ಅಂತಲ್ಲ. ಇದ್ದದ್ದೆಲ್ಲ ಬಡವರಿಗೆ ಕೊಟ್ಟರೂ ಪ್ರೀತಿ ಇಲ್ಲದಿದ್ದರೆ ಏನೂ ಪ್ರಯೋಜನವಿಲ್ಲ ಎಂದು ಬರೆದವನೂ ಅದೇ ಪೌಲ. ಹಾಗಾದರೆ ಗೊತ್ತಾಗುವುದು ಹೇಗೆ? ನಾನು ನೋಡುವುದು ಒಂದೇ: ಸೇವೆ ಮಾಡುವವರ ಕಣ್ಣು ಎಲ್ಲಿದೆ?

ಸರ್ಕಾರಿ ಆಸ್ಪತ್ರೆಯ ವಾರ್ಡ್ ಒಂದನ್ನು ನೆನೆಸಿಕೊಳ್ಳಿ. ಗುಂಪು ಬರುತ್ತದೆ, ಬನ್ನು, ಬಾಳೆಹಣ್ಣು ಕೊಡುತ್ತದೆ, ಸಣ್ಣ ಪ್ರಾರ್ಥನೆ, ಒಂದು ಫೋಟೋ, ಮುಂದಿನ ಮಂಚ. ಬಲಗೈಗೆ ಡ್ರಿಪ್ ಹಾಕಿಸಿಕೊಂಡ ಅಜ್ಜಿ ಆ ಹಣ್ಣನ್ನು ಸುಲಿಯುವುದು ಹೇಗೆ? ಯಾರೋ ಒಬ್ಬರು ನಿಂತು, ‘ಶುಗರ್ ಇದೆಯಾ ಅಜ್ಜಿ, ತಿನ್ನಬಹುದಾ?’ ಅಂತ ಕೇಳಿ, ಸುಲಿದು, ಎಡಗೈಗೆ ಕೊಡುತ್ತಾರೆ. ಅವರೂ ಆವತ್ತು ಗೊಣಗಿಕೊಂಡೇ ಬಂದಿರಬಹುದು. ಅಜ್ಜಿಯ ಕೈ ಅವರ ಕಣ್ಣಿಗೆ ಬಿತ್ತಲ್ಲ, ನಿಷ್ಕಪಟ ಪ್ರೀತಿ ಅಂದರೆ ನನ್ನ ಮಟ್ಟಿಗೆ ಅದೇ. (ಫೋಟೋ ವಿಷಯ: ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂದ ಯೇಸು ಸ್ವಾಮಿ ಸ್ಟೇಟಸ್ಸಿಗೆ ವಿನಾಯಿತಿ ಕೊಟ್ಟಿಲ್ಲ.)

ಹೊಸೂರು ರಸ್ತೆಯಲ್ಲಿ ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್ ಎಂಬ ಕ್ಯಾಥೊಲಿಕ್ ಸನ್ಯಾಸಿನಿಯರ ಸಭೆ ನಡೆಸುವ ವೃದ್ಧಾಶ್ರಮ ನೀವು ನೋಡಿರಬಹುದು. ಆ ಸಭೆ ಹುಟ್ಟಿದ್ದು 1839ರ ಚಳಿಗಾಲದಲ್ಲಿ, ಫ್ರಾನ್ಸಿನಲ್ಲಿ. ಜಾನ್ ಜುಗಾನ್ ಎಂಬಾಕೆ ಕಣ್ಣು ಕಾಣದ ಮುದುಕಿಯೊಬ್ಬಳನ್ನು ಮನೆಗೆ ಕರೆತಂದು ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟಳು. ಆಕೆ ಬಡವಿ, ಸಂಘ ಸಂಸ್ಥೆ ಏನೂ ಇರಲಿಲ್ಲ. ಮುದುಕಿ ಮಲಗಲು ಜಾಗ ಬೇಕಿತ್ತು, ಅಷ್ಟೇ.

ಇನ್ನು, ಸೇವೆ ಮಾಡುತ್ತಲೇ ಸಿಡಿಮಿಡಿ ಜಾಸ್ತಿಯಾಗುತ್ತಿದ್ದರೆ ಯೇಸುವನ್ನು ಮನೆಗೆ ಕರೆದು ಅಡುಗೆ ಕೆಲಸದಲ್ಲಿ ಮುಳುಗಿದ್ದ ಲೂಕ 10ರ ಮಾರ್ಥಳನ್ನು ನೆನೆಯಿರಿ. ಅಡುಗೆ ಮಾಡಿದ್ದಕ್ಕೆ ಯೇಸು ಬೈಯಲಿಲ್ಲ. ಅವಳ ಕಣ್ಣು ಅತಿಥಿಯನ್ನು ಬಿಟ್ಟು, ಸುಮ್ಮನೆ ಕೂತಿದ್ದ ತಂಗಿಯ ಮೇಲೆ ಹೋಗಿತ್ತು. ‘ನಾನೊಬ್ಬಳೇ ಮಾಡಬೇಕಾ’ ಅನ್ನುವ ಮಾತು ನಮ್ಮ ಚರ್ಚುಗಳ ಅಡುಗೆಮನೆಯಲ್ಲೂ ಹೊಸದಲ್ಲ. ಮನೆಯಲ್ಲಿ ಅತ್ತೆಗೆ ಮಾತ್ರೆ ಕೊಡಲು ಪುರುಸೊತ್ತಿಲ್ಲದೆ ಚರ್ಚಿನ ಕೆಲಸಕ್ಕೆ ಓಡುವವರೂ ಇದ್ದಾರೆ.

ನಿಮಗೆ ನಿಜಕ್ಕೂ ಆಗದ ತಿಂಗಳು, ‘ಈ ಸಲ ಬರಲ್ಲ’ ಅಂತ ಗುಂಪಿನವರಿಗೆ ನೇರವಾಗಿ ಹೇಳಿ. ಹೋದ ದಿನ ಇಡೀ ವಾರ್ಡ್ ಸುತ್ತಬೇಕು ಅಂತೇನಿಲ್ಲ. ನೋಡಲು ಯಾರೂ ಬರದ ಒಬ್ಬ ರೋಗಿಯ ಪಕ್ಕ ಸ್ಟೂಲ್ ಎಳೆದುಕೊಂಡು ಕೂರಿ. ಏನು ಬೇಕು ಅಂತ ಅವರನ್ನೇ ಕೇಳಿ. ಮೊಬೈಲ್ ಚಾರ್ಜ್ ಮಾಡಿಕೊಡಿ ಅಂದಾರು, ಊರಿಗೆ ಫೋನ್ ಹಚ್ಚಿಕೊಡಿ ಅಂದಾರು.