ವೆಂಟಿಲೇಟರ್ ಮಾಡುವ ಗಾಯದಲ್ಲಿ ಸರ್ಫ್ಯಾಕ್ಟಂಟ್ ಎಲ್ಲಿ ಬರುತ್ತದೆ?

ವೆಂಟಿಲೇಟರ್‌ನಿಂದ ಶ್ವಾಸಕೋಶಕ್ಕಾಗುವ ಗಾಯದ ಬಗ್ಗೆ ಪರೀಕ್ಷೆಯಲ್ಲಿ ಪ್ರಶ್ನೆ ಬಂದರೆ ನಾವು ಬ್ಯಾರೊಟ್ರಾಮಾ (ಒತ್ತಡದ ಗಾಯ), ವಾಲ್ಯೂಟ್ರಾಮಾ (ಅತಿಯಾಗಿ ಹಿಗ್ಗಿದ ಗಾಯ), ಅಟೆಲೆಕ್ಟ್ರಾಮಾ (ಮತ್ತೆ ಮತ್ತೆ ಕುಸಿದು ತೆರೆಯುವುದರ ಗಾಯ), ಬಯೋಟ್ರಾಮಾ (ಉರಿಯೂತದ ಗಾಯ) ಎಂದು ನಾಲ್ಕು ಹೆಸರು ಬರೆದು, ಕೊನೆಗೆ 'ಸರ್ಫ್ಯಾಕ್ಟಂಟ್ ಸಹ ಕಡಿಮೆಯಾಗುತ್ತದೆ' ಎಂದು ಒಂದು ಸಾಲು ಸೇರಿಸಿ ಮುಗಿಸುತ್ತೇವೆ. ಆ ಸಾಲು ಇರಬೇಕಾದ್ದು ಉತ್ತರದ ನಡುವೆ. ಸರ್ಫ್ಯಾಕ್ಟಂಟ್, ಅಂದರೆ ಶ್ವಾಸಕೋಶದ ಒಳಮೈಯ ನೀರಿನ ಪದರದ ಎಳೆತ ತಗ್ಗಿಸುವ ವಸ್ತು, ಕೆಡುವುದು ಗಾಯದ ಫಲವೂ ಹೌದು, ಮುಂದಿನ ಗಾಯಕ್ಕೆ ಕಾರಣವೂ ಹೌದು.

ಮೂಲಪಾಠ ಚುಟುಕಾಗಿ: ಆಲ್ವಿಯೋಲೈಗಳ (ಶ್ವಾಸಕೋಶದ ಪುಟ್ಟ ಗಾಳಿಗೂಡುಗಳ) ಟೈಪ್ 2 ಜೀವಕೋಶಗಳು ಸರ್ಫ್ಯಾಕ್ಟಂಟ್ ಅನ್ನು ಸ್ರವಿಸುತ್ತವೆ. ಸುಮಾರು 90% ಕೊಬ್ಬು, ಉಳಿದದ್ದು ಪ್ರೋಟೀನ್. ನೀರಿನ ಮೇಲ್ಮೈ ಎಳೆತ ಮೀಟರ್‌ಗೆ ಸುಮಾರು 70 ಮಿಲಿನ್ಯೂಟನ್. ಉಸಿರು ಬಿಟ್ಟಾಗ ಪದರ ಕುಗ್ಗಿ, ಅಣುಗಳು ಒತ್ತಾಗಿ ಸೇರಿ, ಈ ಎಳೆತ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಹಾಗಾಗಿಯೇ ಉಸಿರಿನ ಕೊನೆಯಲ್ಲೂ ಆಲ್ವಿಯೋಲೈ ಮುಚ್ಚಿಕೊಳ್ಳುವುದಿಲ್ಲ.

ಇಲ್ಲಿ ಲಾಪ್ಲಾಸ್ ಸೂತ್ರ (ಗುಳ್ಳೆ ಸಣ್ಣದಾದಷ್ಟೂ ಒಳಗಿನ ಒತ್ತಡ ಹೆಚ್ಚು) ಬರೆದು ಬಿಡಿಬಿಡಿ ಗುಳ್ಳೆಗಳ ಚಿತ್ರ ಹಾಕುವುದು ವಾಡಿಕೆ. ಆ ಚಿತ್ರ ಅರ್ಧ ಮಾತ್ರ ನಿಜ. ಆಲ್ವಿಯೋಲೈಗಳು ಪಕ್ಕದವರ ಜೊತೆ ಗೋಡೆ ಹಂಚಿಕೊಂಡ ವಠಾರದ ಮನೆಗಳು. ಒಂದು ಕುಸಿದರೆ ಸುತ್ತಲಿನವುಗಳ ಗೋಡೆ ಅತ್ತ ಜಗ್ಗುತ್ತದೆ. 1970ರಲ್ಲಿ ಮೀಡ್, ತಕಿಶಿಮಾ, ಲೀತ್ ಎಂಬ ಸಂಶೋಧಕರು ಇದನ್ನು ಲೆಕ್ಕ ಹಾಕಿದರು: ಶ್ವಾಸಕೋಶವನ್ನು ಹಿಗ್ಗಿಸುವ ಒತ್ತಡ 30 ಸೆಂ.ಮೀ. ನೀರಿನಷ್ಟಿದ್ದರೂ, ಕುಸಿದ ಭಾಗ ಮತ್ತು ತೆರೆದ ಭಾಗ ಸೇರುವ ಗಡಿಯಲ್ಲಿ ಅದು ಸುಮಾರು 140ರಷ್ಟಾಗಬಹುದು. ಸರ್ಫ್ಯಾಕ್ಟಂಟ್ ಕೆಟ್ಟ ಶ್ವಾಸಕೋಶದ ತುಂಬ ಇಂಥ ಗಡಿಗಳೇ. ಮಾನಿಟರ್ ತೋರಿಸುವ ಸಂಖ್ಯೆ ಸರಾಸರಿ ಮಾತ್ರ; ಗಡಿಯ ಸುದ್ದಿ ಅದಕ್ಕೆ ಗೊತ್ತಿಲ್ಲ.

ಹಾಗಾದರೆ ವೆಂಟಿಲೇಟರ್ ಸರ್ಫ್ಯಾಕ್ಟಂಟ್ ಅನ್ನು ಕೆಡಿಸುವುದು ಹೇಗೆ? ಸ್ವಾರಸ್ಯವೆಂದರೆ, ಹಿಗ್ಗುವಿಕೆಯೇ ಟೈಪ್ 2 ಜೀವಕೋಶಗಳಿಗೆ ಸ್ರವಿಸುವ ಸೂಚನೆ. ನಡುನಡುವೆ ನಾವು ತೆಗೆಯುವ ದೀರ್ಘ ಉಸಿರಿನಿಂದ ಲಾಭವೇ. ತೊಂದರೆ ಬರುವುದು ಪ್ರತಿ ಉಸಿರೂ ದೊಡ್ಡದಾದಾಗ. ಪದರದ ವಿಸ್ತಾರ ಅತಿಯಾಗಿ ಹಿಗ್ಗಿ ಕುಗ್ಗುತ್ತಿದ್ದರೆ, ಸರ್ಫ್ಯಾಕ್ಟಂಟ್ ಅಣುಗಳ ಚುರುಕಾಗಿ ಕೆಲಸ ಮಾಡುವ ದೊಡ್ಡ ಗುಚ್ಛಗಳು ಕೆಲಸಕ್ಕೆ ಬಾರದ ಸಣ್ಣ ಗುಚ್ಛಗಳಾಗಿ ಒಡೆಯುತ್ತವೆ. ಒಟ್ಟು ಪ್ರಮಾಣ ಅಷ್ಟೇ ಇದ್ದರೂ ಗುಣ ಹೋಗಿರುತ್ತದೆ. 'ಕಡಿಮೆಯಾಗುತ್ತದೆ' ಎಂಬ ಸಾಲು ಸಾಲದು ಅನ್ನುವುದು ಇದಕ್ಕೇ. ಇದರ ಮೇಲೆ ಹಿಗ್ಗಿದ ಲೋಮನಾಳಗಳಿಂದ ಪ್ಲಾಸ್ಮಾ ಸೋರುತ್ತದೆ. ಅದರಲ್ಲಿನ ಫೈಬ್ರಿನೋಜನ್, ಆಲ್ಬುಮಿನ್ ಮೇಲ್ಮೈಯಲ್ಲಿ ಜಾಗ ಹಿಡಿದು ಸರ್ಫ್ಯಾಕ್ಟಂಟ್ ಅನ್ನು ನಿಷ್ಕ್ರಿಯಗೊಳಿಸುತ್ತವೆ. ಎಳೆತ ಏರಿದಂತೆ ಲೋಮನಾಳದಿಂದ ಇನ್ನಷ್ಟು ದ್ರವ ಹೊರಬರುತ್ತದೆ. ಅಲ್ಲಿಗೆ ಚಕ್ರ ಪೂರ್ತಿಯಾಯಿತು.

ಪೀಪ್ (ಉಸಿರು ಬಿಟ್ಟ ಕೊನೆಯಲ್ಲೂ ವೆಂಟಿಲೇಟರ್ ಶ್ವಾಸಕೋಶದಲ್ಲಿ ಉಳಿಸುವ ಒತ್ತಡ) ಯಾಕೆ ಎಂಬುದಕ್ಕೆ ವೆಬ್ ಮತ್ತು ಟಿಯರ್ನಿ 1974ರಲ್ಲಿ ಇಲಿಗಳ ಮೇಲೆ ಮಾಡಿದ ಪ್ರಯೋಗ ನೆನಪಿಡಿ. ಗರಿಷ್ಠ ಒತ್ತಡ 45 ಸೆಂ.ಮೀ. ಇಟ್ಟು ಪೀಪ್ ಕೊಡದೆ ಬಿಟ್ಟಾಗ ಆಲ್ವಿಯೋಲೈಗಳಲ್ಲಿ ನೀರು ತುಂಬಿತು. ಅದೇ 45ಕ್ಕೆ 10 ಪೀಪ್ ಸೇರಿಸಿದಾಗ ಆಲ್ವಿಯೋಲೈಗಳು ಉಳಿದವು. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಇಷ್ಟಕ್ಕೇ ನಿಲ್ಲಬೇಡಿ. ಗರಿಷ್ಠ ಒತ್ತಡ ಬದಲಿಸದೆ ಪೀಪ್ ಏರಿಸಿದರೆ ಟೈಡಲ್ ವಾಲ್ಯೂಮ್ (ಒಂದು ಉಸಿರಿನ ಗಾಳಿಯ ಪ್ರಮಾಣ) ತಾನಾಗಿ ಇಳಿಯುತ್ತದೆ; ರಕ್ಷಣೆಯ ಒಂದು ಪಾಲು ಅದರದ್ದೂ ಇರಬಹುದು.

ಕೊನೆಗೆ ಎಲ್ಲರೂ ಕೇಳುವ ಪ್ರಶ್ನೆ: ಕೆಟ್ಟಿದ್ದರೆ ಹೊರಗಿನಿಂದ ಕೊಡಬಹುದಲ್ಲ? ಅವಧಿಗೆ ಮುನ್ನ ಹುಟ್ಟಿದ ಶಿಶುಗಳಲ್ಲಿ 1980ರಲ್ಲಿ ಫುಜಿವಾರಾ ತಂಡ ಕೊಟ್ಟು ಗೆದ್ದಿತು. ವಯಸ್ಕರ ಎಆರ್‌ಡಿಎಸ್‌ನಲ್ಲಿ (ಉರಿಯೂತದಿಂದ ಶ್ವಾಸಕೋಶದಲ್ಲಿ ದ್ರವ ತುಂಬಿ ಉಸಿರಾಟ ಸೋಲುವ ಸ್ಥಿತಿ) 1996 ಮತ್ತು 2004ರ ದೊಡ್ಡ ಅಧ್ಯಯನಗಳಲ್ಲಿ ಬದುಕುಳಿದವರ ಪ್ರಮಾಣ ಹೆಚ್ಚಲಿಲ್ಲ. ಶಿಶುವಿನಲ್ಲಿ ಸಮಸ್ಯೆ ಮುಖ್ಯವಾಗಿ ಕೊರತೆ. ವಯಸ್ಕರಲ್ಲಿ ಉರಿಯೂತ, ಸೋರಿಕೆ ನಡೆಯುತ್ತಲೇ ಇರುವುದರಿಂದ ಹೊಸದಾಗಿ ಕೊಟ್ಟದ್ದೂ ಕೆಡುತ್ತದೆ. ಶಿಶುಗಳಲ್ಲೂ ಇದು ಬೇಷರತ್ತಲ್ಲ. ಅವಧಿಪೂರ್ವ ಕುರಿಮರಿಗಳಿಗೆ ಹುಟ್ಟಿದ ಕೂಡಲೇ ಬರೀ ಆರು ದೊಡ್ಡ ಉಸಿರು ತುಂಬಿದ್ದಕ್ಕೆ, ಆಮೇಲೆ ಕೊಟ್ಟ ಸರ್ಫ್ಯಾಕ್ಟಂಟ್ ಸರಿಯಾಗಿ ಕೆಲಸ ಮಾಡಲಿಲ್ಲವೆಂದು ಬ್ಯೋರ್ಕ್‌ಲಂಡ್ ತಂಡ 1997ರಲ್ಲಿ ತೋರಿಸಿತು. ಹೆರಿಗೆ ಕೋಣೆಯಲ್ಲಿ ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ತುಂಬುವ ಚೀಲ) ಹಿಡಿಯುವವರು ಈ ಒಂದು ಪ್ರಯೋಗವನ್ನಾದರೂ ಓದಿರಬೇಕು.